ತಂಬಿಗೆಯ ಮೇಲಿನ ಕೆನ್ನೆ

ಅವನು ನಗಿಸಿದ. ಅವಳು ನಕ್ಕಳು. ಆಮೇಲೆ ಆದದ್ದೆಲ್ಲ ಆ ಒಂದು ನಗುವಿನಿಂದಲೇ.

ಐನಾಪುರದ ತವನಪ್ಪನ ಮನೆಯಲ್ಲಿ ಅವತ್ತು ಕನ್ಯೆ ನೋಡುವ ಶಾಸ್ತ್ರ. ಮಗಳು ಮನಿಷಾ ಚಹಾದ ತಾಟು ಹಿಡಿದು ಪಡಸಾಲೆಗೆ ಬಂದಳು. ಏಕಸಂಬಿಯಿಂದ ಬಂದಿದ್ದ ಶ್ರೀಪಾಲ ಕಪ್ಪಿಗೆ ಕೈ ಚಾಚುತ್ತ ಮೆಲ್ಲಗೆ ಅಂದ, "ಸಾವಕಾಶ ರೀ. ಹಿಂದಿನ ಮನಿಯಾಗ ಹುಡುಗಿ ನನ್ನ ತೊಡಿ ಮ್ಯಾಲ ಚಹಾ ಚೆಲ್ಲಿದ್ಲು. ಸುಟ್ಟದ್ದು ನನಗ, ಅತ್ತದ್ದು ಆಕಿ."

ಮನಿಷಾ ತಡೆಯಲಾರದೆ ನಕ್ಕುಬಿಟ್ಟಳು. ಮೇಲಿನ ಸಾಲಿನಲ್ಲಿ ಒಂದರ ಮೇಲೊಂದು ಏರಿ ಕೂತ ಹಲ್ಲುಗಳು ಎಲ್ಲರ ಮುಂದೆ ಬಯಲಾದವು.

ಶ್ರೀಪಾಲನ ನಗು ನಿಂತಿತು. ಅವಳ ಬಾಯನ್ನೇ ನೋಡುತ್ತ ಕುಳಿತ. ಕಪ್ಪಿನ ಚಹಾ ಕೆನೆಗಟ್ಟಿತು.

ಮನಿಷಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. 'ನೋಡಿಬಿಟ್ಟ... ಮುಗೀತು.'

ಆದರೆ ಮುಗಿಯಲಿಲ್ಲ. ಸಂಬಂಧ ಒಪ್ಪಿಗೆ ಅಂತ ಸುದ್ದಿ ಬಂತು. ಖುಷಿಪಡುವಷ್ಟರಲ್ಲಿ ಅವ್ವ ಮಂಗಲ ಅವಳನ್ನು ಅಡುಗೆಮನೆಗೆ ಕರೆದಳು.

"ಹುಡುಗನ ಅವ್ವ ಹೋಗೂಮುಂದ ನನ್ನ ಕಿವಿಯಾಗ ಏನಂದ್ಲು ಗೊತ್ತೈತಿ? ಚಿಕ್ಕೋಡಿಯಾಗ ಹಲ್ಲಿಗೆ ತಂತಿ ಹಾಕಿ ಅಗದಿ ಛಲೋ ಸರಿ ಮಾಡ್ತಾರಂತ. ಗಂಡಿನ ಕಡ್ಯಾವ್ರು ಬಾಯಿಬಿಟ್ಟು ಕೇಳೂದಿಲ್ಲವಾ, ಹಿಂಗ ಸೂಚನಾ ಕೊಡ್ತಾರ."

"ಅಂದ್ರ, ಹಲ್ಲು ಸರಿ ಆದ್ರಷ್ಟ ಲಗ್ನ ಏನ್?"

ಅವ್ವ ಒಲೆಯ ಕಡೆ ತಿರುಗಿ ಉರಿ ಸಣ್ಣ ಮಾಡಿದಳು. ಅದೇ ಉತ್ತರವಾಯಿತು.

ಮುಂಗಾರು ಮುಗಿಯುತ್ತಿದ್ದಾಗ ಚಿಕ್ಕೋಡಿಯ ಹಲ್ಲಿನ ಡಾಕ್ಟರ ಹತ್ತಿರ ತಂತಿ ಹಾಕಿಸಿಕೊಂಡು ಬಂದಳು ಮನಿಷಾ. "ಮೊದಮೊದಲು ನೋಯ್ತೈತಿ. ಮೆತ್ತಗಿಂದು ಉಣ್ಣು. ಎಲ್ಲರೆ ಚುಚ್ಚಿದ್ರ ಮಾತ್ರ ತಡಾ ಮಾಡದ ಬಾ" ಅಂದಿದ್ದರು ಡಾಕ್ಟರು.

ನೋವು ಅಂದರೆ ಇಷ್ಟು ಅಂತ ಅವಳಿಗೆ ಗೊತ್ತಿರಲಿಲ್ಲ. ಹಲ್ಲುಗಳನ್ನೆಲ್ಲ ಯಾರೋ ಬುಡದಿಂದ ಜಗ್ಗುತ್ತಿರುವ ಹಾಗೆ. ರೊಟ್ಟಿಯ ಮಾತಿರಲಿ, ಅನ್ನದ ಅಗುಳೂ ಕಲ್ಲಾಯಿತು.

ತಾರವ್ವ ಆಯಿಗೆ ಮೊಮ್ಮಗಳ ಸಂಕಟ ನೋಡಲಾಗಲಿಲ್ಲ. ನಿಪ್ಪಾಣಿ ಕಡೆಯ ಹೆಣ್ಣುಮಗಳು ಆಕೆ. ಹಲ್ಲಿನ ನೋವು ಯಾವುದೇ ಇರಲಿ, ಆಕೆಯದು ಒಂದೇ ಔಷಧ. ತಂಬಾಕು ಹುರಿದು ಅರೆದ ಮಿಶ್ರಿ. ಅದನ್ನು ಯಾರಿಗೂ ಕಾಣದಂತೆ ಡಬ್ಬಿಯಲ್ಲಿ ಇಟ್ಟಿರುತ್ತಿದ್ದಳು.

"ಬಾಯಿ ತಗಿ ಬಾಳಾ. ಎರಡು ಸಲ ತಿಕ್ಕಿದ್ರ ನೋವು ಓಡತೈತಿ."

ನೋವು ಓಡಲಿಲ್ಲ, ಮನಿಷಾಳ ತಲೆ ತಿರುಗಿತು. ಒಸಡು ಬೆಂಕಿಯಾಯಿತು. ಕಣ್ಣು ಕತ್ತಲೆಗಟ್ಟಿ ಬಚ್ಚಲಲ್ಲಿ ಕುಸಿದು ವಾಂತಿ ಮಾಡಿಕೊಂಡಳು.

"ಈಗ ಹೆಂಗೈತಿ?" ಅಂತ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತಿದ್ದಳು ಆಯಿ.

"ಪೂರಾ ಕಡಿಮಿ ಆತು ಆಯಿ" ಅಂದಳು ಮನಿಷಾ ಗಾಬರಿಯಿಂದ. ಅವತ್ತಿನಿಂದ ನೋವಿನ ಸುದ್ದಿ ಎತ್ತುವುದನ್ನೇ ಬಿಟ್ಟಳು.

ಅಲ್ಲಿಯೇ ಎಡವಟ್ಟಾದದ್ದು.

ದಶಲಕ್ಷಣ ಪರ್ವ ಬಂತು. ಓಣಿಯ ಜೈನರ ಮನೆಗಳಲ್ಲೆಲ್ಲ ಉಪವಾಸ, ಇಲ್ಲವೆ ದಿನಕ್ಕೊಂದೇ ಊಟದ ಏಕಾಸನ. ಮೊದಲ ದಿನ ಮನಿಷಾ ತಾಟಿನ ಮುಂದೆ ಕೂತು ಎದ್ದುಬಿಟ್ಟಳು. "ಉಪವಾಸ ಹಿಡದಿ ಏನವಾ?" ಅಂದ ಅಪ್ಪ. ಬಾಯಿ ತೆರೆದರೆ ಪ್ರಾಣ ಹೋಗುತ್ತಿತ್ತು. ತಲೆಯಾಡಿಸಿದಳು.

ಮರುದಿನವೂ ಉಣ್ಣಲಿಲ್ಲ. ಅದರ ಮರುದಿನವೂ. ಬರೀ ಕಾಸಿ ಆರಿಸಿದ ನೀರು. ಮಾತಾಡದ್ದಕ್ಕೆ ಮೌನವ್ರತ ಅಂದರು. ಉರಿಯುವ ಕೆನ್ನೆಯನ್ನು ತಣ್ಣನೆಯ ತಂಬಿಗೆಗೆ ಒತ್ತಿ ಮಲಗಿದ್ದನ್ನು ನೋಡಿದ ಪಕ್ಕದ ಮನೆಯ ಸುಂದರಾಬಾಯಿ ಓಣಿಗೆಲ್ಲ ಹೇಳಿದಳು, "ತಲಿದಿಂಬ ಸುದ್ದಾ ಬಿಟ್ಟಾಳ್ರಿ ಪೋರಿ. ತಂಬಿಗಿ ಮ್ಯಾಲ ತಲಿ ಇಟಗೊಂಡು ಮಲಗತಾಳ. ಇದು ಸಾದಾ ಉಪವಾಸ ಅಲ್ಲ. ವೈರಾಗ್ಯ."

ಆ ಮಾತು ಹೊರಗೆ ಬಿದ್ದ ಮೇಲೆ ಮನೆಯ ಗಾಳಿಯೇ ಬದಲಾಯಿತು.

ಹೆಂಗಸರು ಬಂದು ಸುಮ್ಮನೆ ಕೂರತೊಡಗಿದರು. ಜ್ವರದ ಕಾವಿಗೆ ಕೆಂಪೇರಿದ ಮುಖ ನೋಡಿ "ಏನ್ ಕಳೆ ಬಂದೈತಿ" ಅಂತ ಪಿಸುಗುಟ್ಟಿದರು. ಅವಳಿಗಿಂತ ಹಿರಿಯರು ಅವಳ ಪಾದ ಮುಟ್ಟಿದರು. ಮುಟ್ಟಿದ ಪ್ರತಿ ಕೈಯೂ ಅವಳನ್ನು ಇನ್ನಷ್ಟು ಆಳಕ್ಕೆ ನೂಕಿದಂತಾಗುತ್ತಿತ್ತು. ದೀಕ್ಷೆ ತಗೊಂಡ ಮಾತಾಜಿಯರು ಉಡುವಂಥ, ಯಾರೋ ತಂದ ಬಿಳಿ ಸೀರೆ ಟ್ರಂಕಿನ ಮೇಲೆ ಮಡಿಕೆ ಬಿಚ್ಚದೆ ಕುಳಿತಿತ್ತು. ಮನಿಷಾ ಯಾವ ಮಗ್ಗುಲಿಗೆ ತಿರುಗಿದರೂ ಅದೇ ಕಾಣುತ್ತಿತ್ತು.

ಅಷ್ಟರಲ್ಲಿ ಹಿಂದಿನ ಹಲ್ಲಿನ ಬಳಿ ತಂತಿಯ ತುದಿ ಸಡಿಲಾಗಿ ಕೆನ್ನೆಯ ಒಳಗೆ ಹೊಕ್ಕಿತ್ತು. ಉಗುಳು ನುಂಗಿದರೆ ರಕ್ತದ ರುಚಿ.

'ಹೇಳಲಾ? ಹೇಳಿದರೆ ತಂತಿ ತೆಗೆಸುತ್ತಾರೆ. ತಂತಿ ಹೋದರೆ ಅವನೂ ಹೋಗುತ್ತಾನೆ... ಹೇಳದಿದ್ದರೆ?'

ಹಾಸಿಗೆಯ ಕೆಳಗಿನ ಮೊಬೈಲು ಗುಂಯ್‌ಗುಟ್ಟಿತು. ಶ್ರೀಪಾಲ. ಎಷ್ಟನೆಯ ಸಲವೋ. ತೊದಲುವ ನಾಲಿಗೆ ಅವನಿಗೆ ಕೇಳಿಸಬಾರದೆಂದು ಅವಳು ಎತ್ತಲೇ ಇಲ್ಲ.

ಅವತ್ತು ಇಳಿಹೊತ್ತಿಗೆ ತವನಪ್ಪ ಬಂದು ಮಗಳ ಹತ್ತಿರ ಕುಳಿತ. ಕಣ್ಣು ತುಂಬಿದ್ದವು. "ನಾಳೆ ಮುಂಜಾನೆ ಬಸದ್ಯಾಗಿನ ಮಾತಾಜಿಯವರ ಹತ್ರ ಕರಕೊಂಡು ಹೋಗ್ತೀನವಾ. ನಿನ್ನ ಮನಸ್ಸಿನ್ಯಾಗ ದೀಕ್ಷಾ ಇದ್ರ ಅಲ್ಲೇ ಎಲ್ಲಾರ ಮುಂದ ಹೇಳಿಬಿಡು. ಏಕಸಂಬಿಯವರಿಗೆ ನಾ ಕೈಮುಗದು ತಿಳಿಸ್ತೀನಿ."

ಮನಿಷಾ ಎದ್ದು ಕೂತಳು. ಬೇಡ ಅನ್ನಲು ಬಾಯಿ ತೆರೆದಳು. ತಂತಿ ಇನ್ನೂ ಒಳಗೆ ಚುಚ್ಚಿತು. ಕಣ್ಣೀರು ಇಳಿಯಿತು.

ಅಪ್ಪ ಅದನ್ನು ಒಪ್ಪಿಗೆ ಅಂದುಕೊಂಡು ಎದ್ದು ಹೋದ.

ಹೊರಗೆ ಬೈಕು ನಿಂತ ಸದ್ದು. ಕುಳಿತಿದ್ದ ಹೆಂಗಸರು ಸರಿದು ದಾರಿ ಬಿಟ್ಟರು. ಬಾಗಿಲಲ್ಲಿ ಶ್ರೀಪಾಲ. ಸುದ್ದಿ ಏಕಸಂಬಿಗೂ ಮುಟ್ಟಿತ್ತು.

"ನಾ ಜಗಳಾಕ್ಕ ಬಂದಿಲ್ಲ ಮಾವಾರ. ಒಂದ ಮಾತು ಕೇಳಿ ಹೋಗ್ತೀನಿ."

ಒಳಗೆ ಬಂದು ಅವಳಿಂದ ದೂರವೇ ಕುಳಿತ.

"ಫೋನ್ ಎತ್ತಲಿಲ್ಲ ನೀವು. ನನ್ನ ಕಂಡ್ರ ಆಗೂದಿಲ್ಲ ಅಂದ್ರ ಹಂಗ ಹೇಳಬಹುದಿತ್ತು. ಅದಕ್ಕ ಸಂಸಾರನ ಬಿಡಬೇಕಾ?"

ಮನಿಷಾ ತಲೆ ಎತ್ತಿದಳು. ತುಟಿಯ ಅಂಚಿನಲ್ಲಿ ರಕ್ತದ ಎಳೆ. ಕೈ ತಾನಾಗಿ ತಂಬಿಗೆ ಹುಡುಕಿ ಕೆನ್ನೆಗೆ ಒತ್ತಿಕೊಂಡಿತು.

ಶ್ರೀಪಾಲ ಆ ಕೈಯನ್ನೇ ನೋಡಿದ. ಮುಂದೆ ಜರುಗಿ ಕುಳಿತ.

"ಇದು ಯಾವ ಕಡಿ ಚುಚ್ಚಾಕತ್ತೈತಿ? ಹಿಂದಿಂದು?"

ಪಡಸಾಲೆಯಲ್ಲಿ ಯಾರಿಗೂ ಏನೂ ಅರ್ಥವಾಗಲಿಲ್ಲ.

"ಹಲ್ಲಿಗೆ ತಂತಿ ಹಾಕಿಸಿದಾಗ ಹಾಸ್ಟೆಲಿನ್ಯಾಗ ನಾನೂ ಹಿಂಗ ತಂಬಿಗಿ ಹಿಡಕೊಂಡ ಮಲಗತಿದ್ದೆ ರೀ. ನನ್ನ ಹಲ್ಲೂ ಒಂದರ ಮ್ಯಾಲೊಂದಿದ್ದುವು. ಅವತ್ತ ನೀವು ನಕ್ಕಾಗ ನನಗ ನನ್ನ ಹಳೇ ಮಾರಿ ನೆನಪಾತು. ನನಗೂ ಇಷ್ಟ ಛಂದ ನಗಾಕ ಬರ್ತಿದ್ರ ನಾ ಹಲ್ಲು ಸರಿ ಮಾಡಸ್ತಿದ್ದಿಲ್ಲೇನೋ ಅಂತ ವಿಚಾರ ಮಾಡಕೋತ ಕುಂತೆ."

ಮಂಗಲ ಬಾಗಿಲಿಗೆ ಒರಗಿದಳು. "ನಿಮ್ಮವ್ವ ಅದನ್ನೂ ಅಂದಿದ್ರು... ನಮ್ಮ ಹುಡುಗಂದೂ ಹಂಗ ಇತ್ತು ಅಂತ. ನಾ ಅದನ್ನ ಬರೇ ಮರ್ಯಾದಿ ಮಾತು ಅಂತ ತಿಳದೆ."

ಎಲ್ಲರ ಕಣ್ಣು ಈಗ ಮನಿಷಾಳ ಮೇಲೆ. ಪಾದ ಮುಟ್ಟಿದವರೆಲ್ಲ ಅಲ್ಲೇ ಇದ್ದರು. ಬಿಳಿ ಸೀರೆಯೂ. ಇವರ ಮುಂದೆ ಹೇಳಿದರೆ ಅಪ್ಪನ ತಲೆ ತಗ್ಗುತ್ತದೆ. ಹೇಳದಿದ್ದರೆ ನಾಳೆ ಬೆಳಗಾದರೆ ಮಾತಾಜಿಯವರ ಮುಂದೆ ನಿಲ್ಲಬೇಕು.

"ನಂದು ವ್ರತ ಅಲ್ಲ." ಒಂದೊಂದು ಅಕ್ಷರಕ್ಕೂ ಕೆನ್ನೆ ಕೊಯ್ಯಿತು. "ಹಲ್ಲು ನೋಯಾಕತ್ತಾವ ಅಪ್ಪಾ... ಭಾಳ ನೋಯಾಕತ್ತಾವ. ನನಗ ದೀಕ್ಷಾ ಬ್ಯಾಡ. ಹಸಿವಾಗೇತಿ."

ತವನಪ್ಪ ಬಾಗಿಲಿಗೆ ಹೋದ. ಬಿಸಿಲು ನೋಡಿ ಹೆಂಡತಿಗೆ ಅಂದ, "ಹೊತ್ತು ಮುಳುಗಾಕ ಬಂತು, ಆಮ್ಯಾಲ ಉಣ್ಣೂಹಂಗಿಲ್ಲ. ಲಗೂನ ಗಂಜಿ ಇಡು."

ಶ್ರೀಪಾಲ ಉಪ್ಪು ಹಾಕಿದ ಉಗುರುಬೆಚ್ಚಗಿನ ನೀರು ಕೇಳಿದ. ಬಸದಿಯ ಬತ್ತಿಗೆಂದು ಇಟ್ಟಿದ್ದ ಅರಳೆಯಲ್ಲಿ ಒಂದಿಷ್ಟು ಹೊಸೆದು ಅವಳ ಅಂಗೈಯಲ್ಲಿಟ್ಟ. "ತಂತಿಗೂ ಕೆನ್ನಿಗೂ ನಡುವ ಇಡ್ರಿ. ಮುಂಜಾನೆ ಮೊದಲನೇ ಬಸ್ಸಿಗೆ ಚಿಕ್ಕೋಡಿ. ನಾನೂ ಬರ್ತೀನಿ."

ಆಯಿ ಮೆಲ್ಲಗೆ ಹತ್ತಿರ ಬಂದಳು. "ಒಂದೀಟ ಮಿಶ್ರಿ—"

"ಬ್ಯಾಡ" ಅಂದರು ಇಬ್ಬರೂ ಒಟ್ಟಿಗೆ.

ಸುಂದರಾಬಾಯಿ ಸದ್ದಿಲ್ಲದೆ ಬಿಳಿ ಸೀರೆ ಎತ್ತಿಕೊಂಡು ಹೋದಳು. ಸೂರ್ಯ ಮುಳುಗುವ ಮುನ್ನ ಮನಿಷಾ ಆರಿದ ಗಂಜಿಯ ಮೊದಲ ಗುಟುಕು ನುಂಗಿದಳು. ನೋವು ಹೋಗಿರಲಿಲ್ಲ. ಆದರೂ ಬಟ್ಟಲು ಕೆಳಗಿಡಲಿಲ್ಲ.

"ಹಲ್ಲು ಸರಿ ಆಗೂತನಕ ಕಾಯ್ತೀರೇನ್ರಿ?" ಅಂದಳು, ಅವನಿಗಷ್ಟೇ ಕೇಳುವಂತೆ.

"ಹಲ್ಲಿಗ್ಯಾಕ ಕಾಯ್ಲಿ? ನೀವು ರೊಟ್ಟಿ ಕಡಿಯೂಹಂಗ ಆದ ದಿನ ಮುಹೂರ್ತ ಇಡಸ್ತೀನಿ. ಇಲ್ಲಂದ್ರ ಊಟಕ್ಕ ಬಂದ ಮಂದಿ, ಮದುಮಗಳು ಉಪವಾಸ ಅದಾಳ ಅಂತ ನಿಮ್ಮ ಕಾಲ ಬೀಳ್ತಾರ."

"ನಗಿಸಬ್ಯಾಡ್ರಿ... ನೋಯ್ತೈತಿ" ಅಂದಳು ಮನಿಷಾ.

ಈ ಸಲ ಅವಳು ಸೆರಗು ಹುಡುಕಲಿಲ್ಲ.