ಎಮ್ಮಿಗನೂರಿನ ಕೊನೆಯ ಅಕ್ಷರ

ತಾನು ಬರೆದ ಸಾಲನ್ನು ಸಂಘಮಿತ್ರಾ ಪಕ್ಕದ ಸೀಟಿನವನ ಮೊಬೈಲಿನಲ್ಲಿ ನೋಡಿದಾಗ ಬಸ್ಸು ಹೊಸಪೇಟೆ ಬಿಟ್ಟು ಸಂಡೂರಿನ ಗುಡ್ಡದ ರಸ್ತೆ ಹಿಡಿದಿತ್ತು.

'ಮಧ್ಯಾಹ್ನದ ಹೊತ್ತು ಹಂಪಿಯ ಕಲ್ಲುಗಳು ಯಾರನ್ನೂ ಮಾತಾಡಿಸುವುದಿಲ್ಲ.'

ಅದು ಅವಳ ಬ್ಲಾಗಿನ ಸಾಲು. ಹೆಸರು ಹಾಕದೆ ಬರೆಯುತ್ತಿದ್ದಳು. ಹೊಸಪೇಟೆ ಅಂಚಿನ ಚಿತ್ತವಾಡ್ಗಿಯ ಮನೆಯಲ್ಲಿ ಅವ್ವನಿಗೂ ಅದರ ಸುದ್ದಿ ಗೊತ್ತಿರಲಿಲ್ಲ.

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಗಾಜಿನ ಮೇಲೆ ಅದಿರು ಲಾರಿಗಳ ಕೆಂಪು ಧೂಳು ಕೂತಿತ್ತು. ಸುಮ್ಮನಿರುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ಸಂಡೂರಿನ ಕಾಲೇಜೊಂದರ ಲೈಬ್ರರಿಯಲ್ಲಿ ಅದಕ್ಕೇ ಅವಳಿಗೆ ಒಳ್ಳೆಯ ಹೆಸರಿತ್ತು.

"ನೋಡಲೇ ಪಾಲಪ್ಪ," ಅವನು ಹಿಂದಿನ ಸೀಟಿನ ಗೆಳೆಯನಿಗೆ ಫೋನು ತೋರಿಸಿದ. "ನನ್ನ ಆ್ಯಪಿನ್ಯಾಗ ಮೊದಲು ಬರೇ ಬಸ್ ಟೈಮ್ ಇತ್ತು. ಈಗ ಊರ ಹೆಸರು ಒತ್ತಿದ್ರ ಆ ಊರ ಬಗ್ಗೆ ಬರದಿದ್ದೂ ಬರ್ತೈತಿ." ಎಂದವನೇ 'ಸಂಡೂರ' ಎಂಬುದನ್ನು ಒತ್ತಿದ.

'ಇಲ್ಲಿ ಏನೂ ಇಲ್ಲ' ಎಂದು ಬಂತು.

"ಖರೇನ ಹೇಳೈತಿ ಬಿಡು," ಪಾಲಪ್ಪ ನಕ್ಕ.

"ಯಾಕಿಲ್ಲ? ನಾ ಬರದೀನಲ್ಲ!"

ಮಾತು ಜಾರಿದ ಮೇಲೆ ಅದು ತನ್ನದೇ ದನಿ ಎಂದು ಸಂಘಮಿತ್ರಾಗೆ ತಿಳಿಯಿತು. ಅವನು ತಿರುಗಿ ನೋಡಿದ. ಅವನ ರೆಪ್ಪೆಗಳ ಮೇಲೂ ಕೆಂಪು ಧೂಳಿತ್ತು.

"ಆ ಬ್ಲಾಗು ನಿಮ್ದೇನ್ರಿ?"

"ಕೇಳದ ಹೆಂಗ ತಗೊಂಡ್ರಿ? ಇದು ಕಳ್ಳತನ ಅಲ್ಲೇನು?"

"ಕೇಳೇ ತಗೊಂಡೀನ್ರೀ. ನಿಮ್ಮನ್ನಲ್ಲ, ನಿಮ್ಮ ಬ್ಲಾಗನ್ನ." ಅವನ ಕಿವಿ ಕೆಂಪಾಗಿತ್ತು. "ಎಪಿಐ ಅಂತಾರದಕ್ಕ. ಹೋಟೆಲಿನ್ಯಾಗ ಕೌಂಟರ್ ಇರ್ತೈತಲ್ರಿ, ಹಂಗ. ಟೋಕನ್ ಕೊಟ್ರ ದ್ವಾಸಿ ಬರ್ತೈತಿ, ಅಡಿಗಿಮನಿಯೊಳಗ ಯಾರೂ ಹೋಗಂಗಿಲ್ಲ. ನಾ ಇನ್ನೂ ಕಲಿಯಾಕತ್ತೀನಿ. ಬ್ಯಾಡಂದ್ರ ಈಗ್ಲೇ ತಗದುಬಿಡ್ತೀನಿ."

ತನಗೂ ಅಂಥದೊಂದು ಕೌಂಟರ್ ಇದೆ, ಅದರ ಮುಂದೆ ಒಬ್ಬ ಬಂದು ನಿಂತಿದ್ದಾನೆ ಎಂಬುದು ಅವಳಿಗೆ ಹೊಸ ಸುದ್ದಿ. ತೆಗೆಯಿರಿ ಎನ್ನಬೇಕಿತ್ತು.

"ಕೊನಿಗೆ ರು ಹಾಕ್ರಿ," ಎಂದಳು. "ನಾ ಪೋಸ್ಟಿಗೆ ಹಾಕಿದ ಊರ ಟ್ಯಾಗು ಸಂಡೂರು. ನೀವು ಮಾತಾಡಿದಂಗ ಸಂಡೂರ ಅಂತ ಬರದೀರಿ. ಅದಕ್ಕ ಸಿಗವಲ್ದು."

ಮರುದಿನ ಸಂಡೂರಿನ ಪುಟ ತುಂಬಿತ್ತು. ತೋರಿಸಲೆಂದೇ ಅವನು ಅವಳ ಪಕ್ಕ ಕೂತ. ಹೆಸರು ಪರಶುರಾಮ್. ಅದಿರು ಕಂಪನಿಯಲ್ಲಿ ಲಾರಿಗಳ ತೂಕ ಹಾಕುವ ಕೆಲಸ. ಹೊಸಪೇಟೆಯಲ್ಲಿ ರೂಮು, ಭಾನುವಾರಕ್ಕೊಮ್ಮೆ ಕಂಪ್ಲಿ ಕಡೆಯ ತನ್ನ ಊರಿಗೆ.

"ನಮ್ಮೂರಿಂದೊಂದು ಖಾಲಿ ಐತ್ರಿ," ಎಂದ. ಪಟ್ಟಿಯಲ್ಲಿ 'ಎಮ್ಮಿಗನೂರ' ಎಂದಿತ್ತು.

"ಅಲ್ಲೂ ರು ಇಲ್ಲ."

"ಪೋಸ್ಟೇ ಇಲ್ಲದ ಊರಿಗೆ ರು ಹಾಕಿ ಏನ್ ಮಾಡ್ಲಿ? ನೀವು ಬರೀರಿ, ಹಾಕ್ತೀನಿ."

"ನೋಡದ ಊರಿನ ಬಗ್ಗೆ ನಾ ಬರಿಯಂಗಿಲ್ಲ."

"ಹಂಗಾದ್ರ ನೋಡಾಕ ಬರ್ರಿ." ಹೇಳಿದವನು ಫೋನಿನಿಂದ ಕಣ್ಣೆತ್ತಲಿಲ್ಲ. ಅವಳು ಮಾತ್ರ ಅವನ ರೆಪ್ಪೆಗಳನ್ನು ನೋಡಿದಳು, ಅಲ್ಲೇನೋ ಬರೆದಿದೆ ಎಂಬಂತೆ.

ಬೇಸಿಗೆ ಬರುವ ಹೊತ್ತಿಗೆ ಕಂಡಕ್ಟರ್ ಇಬ್ಬರಿಗೂ ಒಟ್ಟಿಗೇ ಟಿಕೆಟ್ ಹರಿಯುವಷ್ಟು ಬಳಕೆಯಾಗಿತ್ತು. ಆಮೇಲೊಂದು ಶುಕ್ರವಾರ ಪರಶುರಾಮ್ ಮೊಬೈಲು ಹೊರಗೆ ತೆಗೆಯಲೇ ಇಲ್ಲ.

"ಸೋಮವಾರದಿಂದ ನೈಟ್ ಶಿಫ್ಟ್. ಈ ಬಸ್ಸು ತಪ್ಪತೈತಿ." ಟಿಕೆಟ್ಟು ಮಡಚುತ್ತ ಅಂದ. "ಅವ್ವಗ ನಿಮ್ಮ ಬಗ್ಗೆ ಹೇಳೀನ್ರೀ. ನಮ್ಮೂರ ಬಗ್ಗೆ ಪೋಸ್ಟ್ ಬಂದ್ರ ಟಿಣ್ ಅನ್ನಂಗ ಆ್ಯಪಿನ್ಯಾಗ ಮಾಡಿಟ್ಟೀನಿ. ಟಿಣ್ ಅಂದ್ರ, ನೀವು ಹೂಂ ಅಂದ್ರಿ ಅಂತ ತಿಳ್ಕೊಂತೀನಿ. ಅನ್ನಲಿಲ್ಲಂದ್ರ ಮತ್ತ ಕೇಳಂಗಿಲ್ಲ."

ಬಾಯಿಬಿಟ್ಟು ಹೂಂ ಅನ್ನುವುದು ಅವಳಿಗೆ ಬರುತ್ತಿರಲಿಲ್ಲ.

ಭಾನುವಾರ ಅವಳು ಕಂಪ್ಲಿ ಬಸ್ಸು ಹತ್ತಿದಳು. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಎಮ್ಮಿಗನೂರಿನಲ್ಲಿ ಇಳಿದು, ಕಟ್ಟೆಯ ಮೇಲೆ ಕೂತು, ಕಂಡದ್ದನ್ನು ಟೈಪು ಮಾಡಿದಳು: 'ಕಬ್ಬಿನ ಟ್ರ್ಯಾಕ್ಟರ್ ಈಗಷ್ಟೇ ಹೋಯಿತು. ಬಿದ್ದ ಜಲ್ಲೆಗೆ ಒಂದು ಆಡು ಬಾಯಿ ಹಾಕಿದೆ. ಕರೆದವರು ಇನ್ನೂ ಬಂದಿಲ್ಲ.' ಊರಿನ ಹೆಸರು ಟ್ಯಾಗು ಮಾಡಿ ಪೋಸ್ಟು ಹಾಕಿದಳು.

ಯಾರೂ ಬರಲಿಲ್ಲ. ಆಡು ಜಲ್ಲೆ ಮುಗಿಸಿತು.

"ಯಾರ ಮನಿಗೆ ಬಂದಿಯವ್ವಾ?" ಕಟ್ಟೆಯ ಆ ತುದಿಯಲ್ಲಿ ಸೊಪ್ಪು ಮಾರುತ್ತಿದ್ದ ಯಮನಮ್ಮ ಕೇಳಿದಳು. ಸಂಘಮಿತ್ರಾ ತಲೆ ತಗ್ಗಿಸಿದಳು. ಅವನ ಮನಸ್ಸು ಬದಲಾಗಿರಬೇಕು. ಇಲ್ಲಾ, ಅವನ ಅವ್ವ ಬ್ಯಾಡ ಅಂದಿರಬೇಕು. ಕಂಪ್ಲಿಗೆ ಮರಳುವ ಬಸ್ಸು ಬಂದು ನಿಂತಿತು. ಎದ್ದಳು. ಒಂದು ಕಾಲು ಮೆಟ್ಟಿಲ ಮೇಲೂ ಇಟ್ಟಳು.

"ಜಲ್ದಿ ಹತ್ರಿ ಅಕ್ಕಾರ," ಕಂಡಕ್ಟರ್ ಅಂದ. "ಎಮ್ಮಿಗನೂರ ಆತು, ರೈಟ್!"

ಎಮ್ಮಿಗನೂರ. ಅವನ ಪಟ್ಟಿಯಲ್ಲೂ ಹಾಗೇ ಇತ್ತು.

ಅವಳು ಕಾಲು ಹಿಂದಕ್ಕೆ ತೆಗೆದಳು. ಬಸ್ಸು ಹೋಯಿತು. ಫೋನು ತೆಗೆದು ಟ್ಯಾಗಿನ ಕೊನೆಯ 'ರು' ಅಳಿಸಿ 'ರ' ಎಂದು ಬರೆದಳು. ಕಾಗುಣಿತ ತಪ್ಪಿದರೆ ಊಟ ಸೇರದ ಹುಡುಗಿ ಅವಳು.

ಸ್ವಲ್ಪ ಹೊತ್ತಿನಲ್ಲೇ ಗದ್ದೆಯ ಕಡೆಯಿಂದ ಪರಶುರಾಮ್ ಓಡಿ ಬಂದ. ಮೊಣಕಾಲತನಕ ಕೆಸರು, ಕೈಯಲ್ಲಿ ಫೋನು. ಏದುಸಿರು ಬಿಡುತ್ತ ಅವಳನ್ನು, ಪರದೆಯನ್ನು, ಮತ್ತೆ ಅವಳನ್ನು ನೋಡಿದ.

"ರು ಬಿಟ್ಟೀರಲ್ರೀ," ಎಂದ.

"ನೀವು ಕರದಂಗ ಬರದೀನಿ."

"ಯಾರ ಮನಿಗೆ ಅಂತ ಹೇಳಲೇ ಇಲ್ಲಲ್ಲವ್ವಾ," ಯಮನಮ್ಮ ಬಿಡಲಿಲ್ಲ.

ಸಂಘಮಿತ್ರಾ ಈ ಸಲ ತಲೆ ತಗ್ಗಿಸಲಿಲ್ಲ.

"ಇವರ ಮನಿಗೆ ಬಂದೀನಿ," ಎಂದಳು, ಕಟ್ಟೆಗೆಲ್ಲ ಕೇಳುವಂತೆ.