ಕೇಳದೆ ಹಾಕಿದ ಲಾಕ್

"ನನ್ನ ಸೆಟ್ಟಿಂಗ್ ಲಾಕ್ ಮಾಡಿರೋದು ನೀನೇ ತಾನೇ?"

ಶಂಕರಪುರದ ಆ ಹಳೇ ಮನೆಯ ಬಾಗಿಲಲ್ಲೇ ನಿಂತು ಹರಿಣಾಕ್ಷಿ ಕೇಳಿದಳು. ಇನ್ನೂ ಚಪ್ಪಲಿ ಕೂಡ ಬಿಟ್ಟಿರಲಿಲ್ಲ!

ಲ್ಯಾಪ್‌ಟಾಪ್ ಮುಂದೆ ಕೂತಿದ್ದ ವಸಿಷ್ಠ ತಲೆ ಎತ್ತಿದ. ಅವಳ ಕಣ್ಣು ನೋಡಿದ ಮೇಲೆ ಸುಳ್ಳು ಹೇಳುವ ಧೈರ್ಯ ಬರಲಿಲ್ಲ.

"ಹೂಂ... ನಾನೇ."

ಅಯ್ಯೋ, ಇಲ್ಲ ಅಂದಿದ್ದರೂ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಒಂದು ವರ್ಷದಿಂದ ಇಬ್ಬರೂ ವಸಿಷ್ಠನ ಈ ಮನೆಯ ಮುಂದಿನ ಕೋಣೆಯಲ್ಲಿ ಕೂತು ಕಲಾಸಿಪಾಳ್ಯದ ತರಕಾರಿ ಮಂಡಿಗೆ ಆ್ಯಪ್ ಮಾಡುತ್ತಿದ್ದರು. ಯಾವ ಅಂಗಡಿಗೆ ಏನು ಬಂದಿದೆ ಅಂತ ಅದು ಕೂಗಿ ಹೇಳುತ್ತದೆ. ಆ ಧ್ವನಿ ಹರಿಣಾಕ್ಷಿಯ ಅಜ್ಜಿ ಲಕ್ಕಮ್ಮನದು. ಜೀವನಪೂರ್ತಿ ಮಂಡಿಯಲ್ಲಿ ಸೊಪ್ಪು ಮಾರಿದವಳು, ತೀರಿಕೊಳ್ಳುವ ಮುಂಚೆ ಮೊಮ್ಮಗಳ ಒತ್ತಾಯಕ್ಕೆ ಒಂದೊಂದೇ ತರಕಾರಿ ಕೂಗಿದ್ದಳು. ಅವತ್ತು ಫೋನ್ ಹಿಡಿದು ರೆಕಾರ್ಡ್ ಮಾಡಿದ್ದು ವಸಿಷ್ಠ.

ಇವತ್ತು ಸಂಜೆ ಅದನ್ನು ಮಂಡಿಯವರಿಗೆ ತೋರಿಸಬೇಕು. "ನನ್ ಮಗಳು ಮಾಡವ್ಳೆ" ಅಂತ ಅಪ್ಪ ಬಚ್ಚಪ್ಪ ಎಲ್ಲರನ್ನೂ ಕರೆದಾಗಿದೆ.

ಇಂಥ ಹೊತ್ತಿನಲ್ಲಿ ಈ ಕಾಟ! ಕೋಡ್ ಬರೆದುಕೊಡುವ ಎಐ, ಪ್ರತಿ ಹೆಜ್ಜೆಗೂ 'ಮಾಡಲಾ?' ಎಂದು ಕೇಳುತ್ತದೆ. ಬೇಗ ಮುಗಿಯಲಿ ಅಂತ ಹರಿಣಾಕ್ಷಿ 'ಕೇಳದೆ ಮಾಡು' ಅನ್ನುವ ಸೆಟ್ಟಿಂಗ್ ಹಾಕಿಕೊಂಡಿದ್ದಳು. ಒಂದು ವಾರದ ಹಿಂದೆ ಆ ಬಟನ್ ಬೂದಿ ಬಣ್ಣಕ್ಕೆ ತಿರುಗಿ, ಒತ್ತಿದರೂ ಅಲುಗದಂತಾಯಿತು. ಲಾಗೌಟ್ ಮಾಡಿ ಲಾಗಿನ್ ಆದಳು. ಅಪ್‌ಡೇಟ್ ಮಾಡಿದಳು. ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದಳು. ಊಹೂಂ!

ವಸಿಷ್ಠನನ್ನು ಕೇಳಿದರೆ, "ಗೊತ್ತಿಲ್ಲ, ಸರಿಹೋಗುತ್ತೆ ಬಿಡು" ಅಂದಿದ್ದ.

ಇವತ್ತು ಬೆಳಿಗ್ಗೆ ಕಂಪನಿಯ ಸಪೋರ್ಟಿನವರು ಚಾಟ್‌ನಲ್ಲಿ ಹೇಳಿದರು. ನಿಮ್ಮ ಅಕೌಂಟ್ ಒಂದು ಟೀಮಿನಲ್ಲಿದೆ, ಅದರ ಓನರ್ ಈ ಸೆಟ್ಟಿಂಗ್ ಲಾಕ್ ಮಾಡಿದ್ದಾರೆ, ಅವರೇ ತೆಗೆಯಬೇಕು.

ಟೀಮಿನಲ್ಲಿರುವುದೇ ಇಬ್ಬರು. ಓನರ್ ವಸಿಷ್ಠ.

"ಗೊತ್ತಿಲ್ಲ ಅಂದ್ಯಲ್ಲೋ!" ಅವಳು ಚಪ್ಪಲಿ ಬಿಸಾಕಿ ಒಳಗೆ ಬಂದಳು. "ತರಕಾರಿ ಮಂಡಿಯವಳು, ಇವಳಿಗೇನ್ ಗೊತ್ತಾಗುತ್ತೆ ಅಂದ್ಕೊಂಡ್ಯಾ?"

"ಛೆ! ಹರಿಣಿ, ಹಾಗಲ್ಲ..."

"ಹರಿಣಿ ಗಿರಿಣಿ ಏನೂ ಬೇಡ. ನನ್ನನ್ನ ಟೀಮಿಂದ ತೆಗೆದ್ಬಿಡು. ನನ್ನ ಪಾಡಿಗೆ ನಾನು ಮಾಡ್ಕೋತೀನಿ."

'ಬೇಡ ಅನ್ನೋ... ಒಂದ್ಸಲ ಬೇಡ ಅನ್ನು' ಎಂದು ಅವಳ ಮನಸ್ಸು ಬೇಡುತ್ತಿತ್ತು. ಅವನಿಗೇನು ಕೇಳಿಸುತ್ತದೆ!

ಕಾಫಿ ತಂದ ವಸಿಷ್ಠನ ತಾಯಿ ತುಳಸಮ್ಮ ಇಬ್ಬರ ಮುಖವನ್ನೂ ನೋಡಿ, ಲೋಟ ಹಿಡಿದುಕೊಂಡೇ ಒಳಗೆ ಹೋದರು. ಬುದ್ಧಿವಂತ ಹೆಂಗಸು.

ವಸಿಷ್ಠ ಟೀಮಿನ ಪುಟ ತೆರೆದ. ಎರಡು ಹೆಸರು. ಹರಿಣಾಕ್ಷಿ ಬಗ್ಗಿ ನೋಡಿದಳು. ಅವಳ ಹೆಸರಿನ ಪಕ್ಕ ಪುಟ್ಟ ಬೀಗದ ಗುರುತು. ಅವನ ಹೆಸರಿನ ಪಕ್ಕವೂ!

"ನಿನ್ನದೂ ಲಾಕ್ ಆಗಿದೆ..."

"ಟೀಮಿಗೆ ಹಾಕಿದ್ರೆ ಇಬ್ಬರಿಗೂ ಬೀಳುತ್ತೆ. ಒಂದ್ ವಾರದಿಂದ ನಾನೂ ಎಲ್ಲದಕ್ಕೂ 'ಸರಿ' ಒತ್ತುತಾ ಕೂತಿದೀನಿ."

"ಯಾಕೋ? ನಿಜ ಹೇಳು."

ಅವನು ಲ್ಯಾಪ್‌ಟಾಪಿನಿಂದ ಕಣ್ಣು ತೆಗೆದು ಅವಳನ್ನು ನೋಡಿದ.

"ಹೋದ ಶುಕ್ರವಾರ 'ಕೇಳದೆ ಮಾಡು' ಅಂತ ಎಐನ ಅದರ ಪಾಡಿಗೆ ಬಿಟ್ಟು ಊಟಕ್ಕೆ ಹೋಗಿದ್ಯಲ್ಲ... ಬೇಡದ ಫೈಲ್ ತೆಗೀತೀನಿ ಅಂತ ಅದು ಅಜ್ಜಿ ಧ್ವನಿನ ಅಳಿಸಿಬಿಟ್ಟಿತ್ತು."

ಹರಿಣಾಕ್ಷಿ ಕುರ್ಚಿ ಹಿಡಿದು ಕೂತುಬಿಟ್ಟಳು.

"ಎಲ್ಲಾ ಇದೆ, ಗಾಬರಿಯಾಗ್ಬೇಡ! ನನ್ನ ಫೋನಲ್ಲಿತ್ತು, ಅವತ್ತೇ ವಾಪಸ್ ಹಾಕಿದೆ. ಮತ್ತೆ ಹಾಗಾಗದಿರಲಿ ಅಂತ ಲಾಕ್ ಮಾಡ್ದೆ. ಹೇಳಿದ್ರೆ, ನನ್ನ ಕೈಯಾರೆ ಅಜ್ಜಿನ ಕಳ್ಕೋತಿದ್ದೆ ಅಂತ ನೀನು ಕೊರಗ್ತೀಯ ಅನ್ನಿಸ್ತು."

ಅವಳ ಕಣ್ಣು ತುಂಬಿ ಬಂತು. 'ಇವನಿಗೆ ಎಂಥ ಮಾತು ಅಂದುಬಿಟ್ಟೆ...'

"ಅಷ್ಟು ಹಳೇ ರೆಕಾರ್ಡಿಂಗ್... ಇನ್ನೂ ಯಾಕೆ ಇಟ್ಕೊಂಡಿದ್ದೆ?"

ವಸಿಷ್ಠನ ಕಿವಿ ಕೆಂಪಾಯಿತು.

"ಕೊನೇಲಿ ಅಜ್ಜಿ ನುಗ್ಗೇಕಾಯಿ ಅಂತ ರಾಗ ಎಳೀತಾರೆ. ನೀನು ನಗ್ತೀಯ. ಅದನ್ನ ಕೇಳೋಕೆ. ದಿನಾ ಕೇಳ್ತೀನಿ. ನೀನಂದ್ರೆ ನಂಗೆ ಇಷ್ಟ, ಹರಿಣಿ."

ಅಬ್ಬಾ! ಒಂದು ವರ್ಷದಿಂದ ಬಾಯಿ ಬಿಡದ ಪುಣ್ಯಾತ್ಮ!

ಅವಳು ಮಾತಾಡುವ ಮೊದಲೇ ಅವನು ಏನೋ ಬದಲಾಯಿಸಿ, ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ.

"ಈಗ ನೀನೇ ಓನರ್. ಲಾಕ್ ತೆಗೀಬಹುದು. ನನ್ನನ್ನೂ ತೆಗೀಬಹುದು."

ಅವಳು ಮೌಸನ್ನು ಅವನ ಹೆಸರಿನ ಮೇಲೆ ಇಟ್ಟಳು. ವಸಿಷ್ಠ ಉಸಿರು ಬಿಗಿಹಿಡಿದ. ಅವಳು ಏನನ್ನೂ ಒತ್ತದೆ ಪುಟ ಮುಚ್ಚಿದಳು.

"ಲಾಕ್ ಹಾಗೇ ಇರಲಿ. ನೀನೂ ಇರು. ಆದ್ರೆ ಇನ್ನೊಂದ್ಸಲ ನಂಗೆ ನೋವಾಗುತ್ತೆ ಅಂತ ಏನಾದ್ರೂ ಮುಚ್ಚಿಟ್ರೆ ನೋಡು! ಅಳೋದಿದ್ರೆ ಅಳ್ತೀನಿ. ನೀನು ಪಕ್ಕದಲ್ಲಿದ್ರೆ ಸಾಕು."

"ಇನ್ಮೇಲೆ ಎಲ್ಲಾ ಹೇಳ್ತೀನಿ. ಏನ್ ಮಾಡೋಕ್ಕೂ ಮುಂಚೆ ನಿನ್ನ ಕೇಳ್ತೀನಿ."

"ಸಂಜೆ ಮಂಡಿಗೆ ಬಾ. ಅಪ್ಪನ ಮುಂದೆ ನನ್ನ ಪಕ್ಕ ನಿಂತ್ಕೋಬೇಕು."

"ಬರ್ತೀನಿ." ಅವನ ದನಿ ಸಣ್ಣಗಾಯಿತು. "ಹರಿಣಿ... ಕೈ ಹಿಡ್ಕೊಳ್ಳಲಾ?"

ಅವಳು ಕಣ್ಣೊರೆಸಿಕೊಂಡು, ರೆಕಾರ್ಡಿಂಗಿನಲ್ಲಿ ನಕ್ಕಂತೆಯೇ ನಕ್ಕಳು.

"ಇದೊಂದಕ್ಕೆ ಮಾತ್ರ ಕೇಳ್ಬೇಡ್ವೋ."