ಪಕ್ಕದ ಸೀಟಿನ ಬೆಲ್ಟು

ಅಂಗವಿಕಲರ ಸಂಸ್ಥೆಯೊಂದಕ್ಕೆ ಜನ ದಾನ ಕೊಡುವ ಹಳೇ ಕಾರುಗಳನ್ನು ಲಾರಿಯಲ್ಲಿ ಹೇರಿಕೊಂಡು ಬರುವುದು ಹನ್ನೊಂದು ವರ್ಷದಿಂದ ನನ್ನ ಕೆಲಸ. ಮಿನೆಸೋಟದ ಜನವರಿ, ಮಟಮಟ ಮಧ್ಯಾಹ್ನದಲ್ಲೂ ಮೂಗು ಮರಗಟ್ಟುವ ಚಳಿ. ಆರ್ಲಿಸ್ ಎಂಬ ಮುದುಕಿ ಕಾಗದಕ್ಕೆ ಸಹಿ ಹಾಕಿ, ತೀರಿಹೋದ ಗಂಡ ಡೇಲ್‌ನ ಕಾರಿನ ಕೀ ಕೊಟ್ಟಳು.

ಲಾರಿಗೆ ಹತ್ತಿಸಲೆಂದು ಕಾರು ಶುರು ಮಾಡಿದ್ದೇ ತಡ, ಟಿಣ್ ಟಿಣ್ ಎಂದು ಬೆಲ್ಟಿನ ಗಂಟೆ ಹೊಡೆದುಕೊಂಡಿತು. ನಾನು ಬೆಲ್ಟು ಹಾಕಿಕೊಂಡರೂ ನಿಲ್ಲಲಿಲ್ಲ. ಉರಿಯುತ್ತಿದ್ದುದು ಪಕ್ಕದ ಸೀಟಿನ ದೀಪ. ಸೀಟು ಖಾಲಿ.

"ಅಮ್ಮಾ, ಇದು ಕೆಟ್ಟಿದೆಯಾ?"

"ಕೆಟ್ಟಿಲ್ಲ ಕಣಪ್ಪ. ಡೇಲ್‌ಗೆ ಬೆಲ್ಟ್ ಹಾಕು, ಸುಮ್ಮನಾಗ್ತಾನೆ. ಕಾಲು ಹೋದ್ಮೇಲೆ ಅಲ್ಲೇ ಕೂರ್ತಿದ್ದ. ಒಬ್ಬನೇ ಇರೋಕೆ ಅವನಿಗಾಗಲ್ಲ."

"ಮತ್ತೆ ಕಾರು ಯಾಕೆ ಕೊಡ್ತಿದ್ದೀರಿ?"

ಮುದುಕಿ ಸೀಟಿನ ಕಡೆ ನೋಡಿ ದನಿ ತಗ್ಗಿಸಿದಳು. "ನಂಗೂ ಒಂದಿಷ್ಟು ನಿದ್ದೆ ಬೇಡ್ವಾ?"

ಅರಳುಮರಳು ಎಂದುಕೊಂಡು ಆ ಬೆಲ್ಟನ್ನು ಎಳೆದು ಸಿಕ್ಕಿಸಿದೆ. ಗಂಟೆ ನಿಂತಿತು. ಕೈಗೆ ತಾಗಿದ ಸೀಟು ಬೆಚ್ಚಗಿತ್ತು. ಆ ಬದಿಯ ಕಿಟಕಿಯ ಗಾಜು ಮಾತ್ರ ಒಳಗಿನಿಂದ ಮಬ್ಬಾಗುತ್ತಿತ್ತು, ತಿಳಿಯಾಗುತ್ತಿತ್ತು, ಮತ್ತೆ ಮಬ್ಬಾಗುತ್ತಿತ್ತು. ಬೇಗಬೇಗ ಕಾರನ್ನು ಲಾರಿಗೆ ಹತ್ತಿಸಿ ಹೊರಟೆ.

ಸಂಸ್ಥೆಯ ಅಂಗಳದಲ್ಲಿ ಕಾರು ಇಳಿಸಿ, ಆ ಬದಿಯ ಬಾಗಿಲು ತೆಗೆದೆ. ನಾನು ಸಿಕ್ಕಿಸಿದ್ದ ಬೆಲ್ಟು ಬಿಚ್ಚಿಕೊಂಡು ಬಿದ್ದಿತ್ತು. ಗಾಜು ತಿಳಿಯಾಗಿತ್ತು. ಸೀಟು ಮಂಜುಗಡ್ಡೆಯಂತೆ ಕೊರೆಯುತ್ತಿತ್ತು. ಅಬ್ಬಾ, ಮುಗಿಯಿತು ಎಂದುಕೊಂಡು ಓಡಿಹೋಗಿ ನನ್ನ ಲಾರಿ ಹತ್ತಿ ಕೀ ತಿರುಗಿಸಿದೆ.

ಟಿಣ್ ಟಿಣ್.

ನನ್ನದು ಓಬೀರಾಯನ ಕಾಲದ ಲಾರಿ. ಅದರಲ್ಲಿ ಅಂಥ ಗಂಟೆಯೇ ಇಲ್ಲ.